ಕ್ಯಾಬೇಜ್ ತಿಂದ್ರೆ ತಲೇಲಿ ಹುಳ ಆಗುತ್ತಾ? ಚಪ್ಪಟೆ ಹುಳುಗಳ ವಿಷಯ

ಚೆನ್ನೈನಲ್ಲಿ ಪಿಜಿ, ಮೆಸ್ ಊಟ ಮಾಡೋ ನಮ್ಮ ಕನ್ನಡದವರು ನನ್ನನ್ನ ಆಗಾಗ ಕೇಳೋ ಪ್ರಶ್ನೆ ಇದು. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್‌ನವನು. ಆದರೆ ಈ ಹುಳುವಿನ ಜೀವನಚಕ್ರ ಅರ್ಥವಾದ್ರೆ ಉತ್ತರ ತಾನಾಗೇ ಸಿಗುತ್ತೆ.

ಮೊದಲು, ಇವು ಯಾಕೆ ಚಪ್ಪಟೆ? ಚಪ್ಪಟೆ ಹುಳುಗಳಿಗೆ ಶ್ವಾಸಕೋಶ ಇಲ್ಲ, ರಕ್ತನಾಳವೂ ಇಲ್ಲ. ಆಮ್ಲಜನಕ ಚರ್ಮದ ಮೂಲಕವೇ ಇಂಗಿ ಒಳಗಿನ ಕೋಶಗಳನ್ನು ತಲುಪಬೇಕು. ಮೈ ದಪ್ಪವಾದರೆ ನಡುವಿನ ಕೋಶಗಳಿಗೆ ಅದು ಸಿಗಲ್ಲ. ಅದಕ್ಕೇ ತೆಳ್ಳಗಿನ ದೇಹ.

ಇವುಗಳಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ. ನೀರಲ್ಲಿ ಸ್ವತಂತ್ರವಾಗಿ ಬದುಕೋ ಪ್ಲನೇರಿಯಾವನ್ನು ಎರಡು ತುಂಡು ಮಾಡಿದ್ರೆ ಎರಡು ಹುಳು ಆಗುತ್ತೆ. ದನ, ಕುರಿಗಳ ಯಕೃತ್ತಿನ ಹುಳು ಬೆಳೆಯೋಕೆ ನಡುವೆ ಒಂದು ಬಸವನಹುಳು ಬೇಕು. ಲಾಡಿಹುಳುವಿಗಂತೂ ಬಾಯೂ ಇಲ್ಲ, ಕರುಳೂ ಇಲ್ಲ. ನಾವು ಅರಗಿಸಿದ್ದನ್ನ ಮೈಯಿಂದಲೇ ಹೀರುತ್ತೆ.

ಈಗ ಹಂದಿ ಲಾಡಿಹುಳುವಿಗೆ ಬರೋಣ. ಇಲ್ಲಿ ಎರಡು ದಾರಿ ಇವೆ, ಜನ ಎರಡನ್ನೂ ಕಲಸಿಬಿಡ್ತಾರೆ.

ಒಂದು: ಮರಿಹುಳುವಿನ ಗುಳ್ಳೆ ಇರೋ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದ್ರೆ, ಕರುಳಲ್ಲಿ ಹಲವು ಮೀಟರ್ ಉದ್ದದ ಹುಳು ಬೆಳೆಯುತ್ತೆ. ಎಷ್ಟೋ ಸಲ ಆ ವ್ಯಕ್ತಿಗೆ ಗೊತ್ತೇ ಆಗಲ್ಲ.

ಎರಡು: ಆ ವ್ಯಕ್ತಿಯ ಮಲದಲ್ಲಿ ಹೊರಬಂದ ಮೊಟ್ಟೆ ಇನ್ನೊಬ್ಬರ ಬಾಯಿಗೆ ಹೋದ್ರೆ, ಮರಿ ಕರುಳಿನ ಗೋಡೆ ಕೊರೆದು ರಕ್ತದ ಜೊತೆ ಮೆದುಳು ಸೇರಿ ಗುಳ್ಳೆ ಕಟ್ಟಬಹುದು. ವರ್ಷಗಟ್ಟಲೆ ಸುಮ್ಮನಿರುತ್ತೆ. ಗುಳ್ಳೆ ಸಾಯೋವಾಗ ಊತ ಬಂದು ಫಿಟ್ಸ್ ಬರುತ್ತೆ.

ಅಂದ್ರೆ ತಲೆಗೆ ಹೋಗೋದು ಮಾಂಸದ ಗುಳ್ಳೆಯಲ್ಲ, ಮನುಷ್ಯರ ಮಲದ ಮೊಟ್ಟೆ. ಹಾಗಾಗಿ ಶುದ್ಧ ಸಸ್ಯಾಹಾರಿಗೂ ಬರುತ್ತೆ. ಚೆನ್ನೈ ಪಕ್ಕದ ವೆಲ್ಲೂರು ಜಿಲ್ಲೆಯಲ್ಲಿ ಸಿಎಂಸಿ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಕ್ರಿಯ ಮೂರ್ಛೆರೋಗ ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದೇ ಕಾರಣವಾಗಿತ್ತು.

ಕ್ಯಾಬೇಜ್ ತಪ್ಪೇನಿಲ್ಲ. ಕೊಳಚೆ ನೀರು ಬಿದ್ದ ಯಾವ ಸೊಪ್ಪು, ತರಕಾರಿಯಲ್ಲಾದ್ರೂ ಮೊಟ್ಟೆ ಅಂಟಿರಬಹುದು. ಚೆನ್ನಾಗಿ ಬೇಯಿಸಿದ್ರೆ ಸಾಯುತ್ತೆ. ಹಸಿ ತಿನ್ನೋದಾದ್ರೆ ಎಲೆ ಬಿಡಿಸಿ ಚೆನ್ನಾಗಿ ತೊಳೀರಿ. ಅದಕ್ಕಿಂತ ಮುಖ್ಯ, ಅಡುಗೆ ಮಾಡೋರು, ಬಡಿಸೋರು ಸೋಪಿನಲ್ಲಿ ಕೈ ತೊಳೀಬೇಕು. ಮೆಸ್ ಆರಿಸುವಾಗ ರುಚಿಯ ಜೊತೆ ಕೈ ತೊಳೆಯೋ ಜಾಗದಲ್ಲಿ ಸೋಪಿದೆಯಾ ಅಂತಲೂ ನೋಡಿ.

ಯಾರಿಗಾದ್ರೂ ಮೊದಲ ಸಲ ಫಿಟ್ಸ್ ಬಂದ್ರೆ ಮೆಡಿಕಲ್ ಶಾಪ್‌ನಿಂದ ಜಂತುಹುಳದ ಮಾತ್ರೆ ತಂದು ಕೊಡಬೇಡಿ. ಮೆದುಳಲ್ಲಿ ಗುಳ್ಳೆಗಳು ಒಟ್ಟಿಗೆ ಸತ್ತರೆ ಊತ ಹೆಚ್ಚಾಗಬಹುದು. ನರರೋಗ ತಜ್ಞರ ಹತ್ರ ಹೋಗಿ, ಸ್ಕ್ಯಾನ್ ಮಾಡಿಸಿ. ಇದಕ್ಕೆ ಚಿಕಿತ್ಸೆ ಇದೆ.