ಬಿಟ್ಟ ಚಿಲ್ಲರೆ ಯಾರ ಪಾಲು?

2001ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 5,28,50,562. ಇದನ್ನು ವಿಧಾನಸಭೆಯ 224 ಸ್ಥಾನಗಳಿಗೆ ಭಾಗಿಸಿದರೆ ಶಾಸಕರೊಬ್ಬರಿಗೆ ಸುಮಾರು 2,35,940 ಜನ. ಆಗ 11,96,089 ಜನರಿದ್ದ ಕೊಪ್ಪಳ ಜಿಲ್ಲೆಯ ಪಾಲು 5.07 ಸ್ಥಾನ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕನಕಗಿರಿ, ಕೊಪ್ಪಳ ಸೇರಿ ಅದಕ್ಕೆ ಸಿಕ್ಕಿದ್ದು ಐದು. ಯಾವ ಸೂತ್ರ ಹಾಕಿದ್ದರೂ ಐದೇ ಸಿಗುತ್ತಿತ್ತು. ಕೊಡಗಿನ ಅದೃಷ್ಟ ಹಾಗಿರಲಿಲ್ಲ. ಅಲ್ಲಿನ 5,48,561 ಜನರ ಪಾಲು 2.33. ಮರುವಿಂಗಡಣೆಯಲ್ಲಿ ಅದು ಎರಡಕ್ಕಿಳಿದು, 2008ರ ಚುನಾವಣೆಯ ಹೊತ್ತಿಗೆ ಸೋಮವಾರಪೇಟೆ ಕ್ಷೇತ್ರವೇ ಇಲ್ಲವಾಯಿತು. 4.71 ಇದ್ದ ಉಡುಪಿಗೆ ಐದು ಸ್ಥಾನ ಬಂದವು. ಹೀಗಾಗಿ ಕೊಡಗಿನಲ್ಲಿ ಶಾಸಕರೊಬ್ಬರಿಗೆ 2,74,280 ಜನ, ಉಡುಪಿಯಲ್ಲಿ 2,22,449.

ಅರ್ಧಕ್ಕಿಂತ ಕಡಿಮೆ ಚಿಲ್ಲರೆ ಬಿಡುವುದು, ಹೆಚ್ಚಿದ್ದರೆ ಒಂದು ಎಂದು ಹಿಡಿಯುವುದು ಎಲ್ಲರಿಗೂ ಒಂದೇ ನಿಯಮ ನಿಜ, ಆದರೆ ಅದರ ಪೆಟ್ಟು ಒಂದೇ ಸಮನಲ್ಲ. ಬೆಂಗಳೂರು ನಗರದ ಇಪ್ಪತ್ತೆಂಟರಲ್ಲಿ ಮೂರನೇ ಒಂದು ಸ್ಥಾನದ ಏರುಪೇರು ಗೊತ್ತೇ ಆಗದು. ಎರಡೇ ಸ್ಥಾನದ ಜಿಲ್ಲೆಗೆ ಅದು ಹೊರೆ. ಹಾಗಾದರೆ ಎಲ್ಲ ಚಿಲ್ಲರೆಯನ್ನೂ ಮೇಲಕ್ಕೇರಿಸಿ, ಒಟ್ಟು 224 ಮೀರದಂತೆ ಭಾಜಕವನ್ನು ಹಿಗ್ಗಿಸಬಹುದಲ್ಲ? ಅಮೆರಿಕದ ಜಾನ್ ಕ್ವಿನ್ಸಿ ಆಡಮ್ಸ್ ಸೂಚಿಸಿದ ಈ ದಾರಿಯಲ್ಲಿ ಕೊಡಗಿಗೆ ಮೂರು ಖಂಡಿತ. ಆದರೆ ಆ ವಿಧಾನ ಸದಾ ಚಿಕ್ಕವರ ಕಡೆಗೇ ವಾಲುತ್ತದೆ. ಎಲ್ಲವನ್ನೂ ಕೆಳಗಿಳಿಸುವ ಜೆಫರ್ಸನ್ ವಿಧಾನ ದೊಡ್ಡವರ ಕಡೆಗೆ. ಅರ್ಧದ ಗೆರೆಯ ವೆಬ್‌ಸ್ಟರ್ ವಿಧಾನ ಒಂದು ಸಲ ಯಾರಿಗೋ ನೋವು ಕೊಟ್ಟರೂ ಹಲವು ಹಂಚಿಕೆಗಳಲ್ಲಿ ಯಾರ ಪಕ್ಷವನ್ನೂ ವಹಿಸದು. ಆದ್ದರಿಂದ ಅದೇ ನನಗೆ ಒಪ್ಪಿಗೆ.

ಗುಡ್ಡಗಾಡು ಜಿಲ್ಲೆಗೆ ತಲೆಲೆಕ್ಕವೊಂದೇ ಸಾಲದು ಎಂಬ ವಾದದಲ್ಲಿ ಹುರುಳಿದೆ. ಆದರೆ ಆ ರಿಯಾಯಿತಿಯನ್ನು ಕನಿಷ್ಠ ಸ್ಥಾನವೆಂದು ಕಾನೂನಿನಲ್ಲೇ ಬರೆಯಬೇಕು, ಭಿನ್ನರಾಶಿಯ ಮರೆಯಲ್ಲಿ ಕೊಡಬಾರದು. ದೋಷವೇ ಇಲ್ಲದ ಸೂತ್ರ ಸಿಗುವವರೆಗೆ ಕಾಯೋಣ ಎಂದರೆ ಅದು ಸಿಗುವುದಿಲ್ಲ. ಉಳಿದ ಸ್ಥಾನಗಳನ್ನು ಹೆಚ್ಚು ಚಿಲ್ಲರೆ ಇರುವವರಿಗೆ ಕೊಡುವ ಹ್ಯಾಮಿಲ್ಟನ್ ವಿಧಾನ ನೋಡಲು ನ್ಯಾಯವಾಗಿಯೇ ಇದೆ. ಆದರೆ ಅಮೆರಿಕದ 1880ರ ಜನಗಣತಿಯ ಮೇಲೆ ಅದರಂತೆ ಲೆಕ್ಕ ಹಾಕಿದಾಗ, ಅಲ್ಲಿನ ಸದನ 299 ಸ್ಥಾನದ್ದಾದರೆ ಅಲಬಾಮಾ ರಾಜ್ಯಕ್ಕೆ ಎಂಟು, 300 ಆದರೆ ಏಳು ಎಂದು ಬಂತು! ಪಾಲಿನ ಅಕ್ಕಪಕ್ಕದ ಪೂರ್ಣಾಂಕವನ್ನು ಎಂದೂ ದಾಟದೆ, ಇಂಥ ವೈಪರೀತ್ಯಗಳಿಗೂ ಎಡೆಗೊಡದ ವಿಧಾನ ಇರಲಾರದೆಂದು ಬಾಲಿನ್ಸ್ಕಿ ಮತ್ತು ಯಂಗ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ನಮ್ಮ ಸಂವಿಧಾನದ 81 ಮತ್ತು 170ನೇ ವಿಧಿಗಳು ಅನುಪಾತ ಸಾಧ್ಯವಾದಷ್ಟೂ ಒಂದೇ ಇರಬೇಕೆನ್ನುತ್ತವೆ, ಚಿಲ್ಲರೆಯ ಮಾತೆತ್ತುವುದಿಲ್ಲ. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಕೈಗೆ ಬಂದ ಮೇಲೆ ಪ್ರತಿ ಜಿಲ್ಲೆಯೂ ತನಗೆ ಲಾಭವಾಗುವ ಸೂತ್ರವನ್ನೇ ನ್ಯಾಯವೆನ್ನುತ್ತದೆ. ನಿಯಮ ಅದಕ್ಕೂ ಮೊದಲೇ ಕಾಯ್ದೆಯಲ್ಲಿ ಅಚ್ಚಾಗಬೇಕು.