ಮುಟ್ಟು ತಪ್ಪುವ ಮಗಳಿಗೆ ಊಟ ಬಿಡಿಸಬೇಡಿ



ಹೋದ ಮಳೆಗಾಲದಲ್ಲಿ ಒಂದು ಸಂಘದ ಸಭೆಗೆ ಹೋಗಿದ್ದೆವು. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ನಮ್ಮನ್ನು ಪಕ್ಕಕ್ಕೆ ಕರೆದರು. ಹತ್ತೊಂಬತ್ತರ ಮಗಳಿಗೆ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಗದ್ದದ ಮೇಲೆ ಕೂದಲು ಬೇರೆ. ಸ್ಕ್ಯಾನಿಂಗ್‌ನಲ್ಲಿ ‘ನೀರುಗುಳ್ಳೆ’ ಇದೆ ಅಂದಿದ್ದಾರೆ. ತೆಳ್ಳಗಾದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಹುಡುಗಿ ರಾತ್ರಿ ಊಟವನ್ನೇ ಬಿಟ್ಟಿದ್ದಾಳೆ. ಇನ್ಯಾರೋ, ಮದುವೆ ಮಾಡಿಬಿಡಿ, ತಾನಾಗಿ ಸರಿಹೋಗುತ್ತೆ ಅಂದರಂತೆ. ಎರಡೂ ತಪ್ಪು ಎಂದು ನಾವು ಅಲ್ಲೇ ಹೇಳಿದೆವು.

ಇದಕ್ಕೆ ಪಿ.ಸಿ.ಓ.ಎಸ್. ಎನ್ನುತ್ತಾರೆ, ಪಿ.ಸಿ.ಓ.ಡಿ. ಎಂದೂ ಕೇಳಿರುತ್ತೀರಿ. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಇರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಗಡ್ಡೆಯಲ್ಲ, ಬಲಿಯದೆ ನಿಂತ ಅಂಡದ ಪುಟ್ಟ ಚೀಲಗಳು. ಅನೇಕರಲ್ಲಿ ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ. ಅದು ಹೆಚ್ಚಾದಾಗ ಅಂಡಾಶಯದಲ್ಲಿ ಗಂಡಸರ ಹಾರ್ಮೋನು ಜಾಸ್ತಿಯಾಗುತ್ತದೆ. ಮುಟ್ಟು ತಪ್ಪುವುದು, ಮೊಡವೆ, ಗಡ್ಡದ ಕೂದಲು ಎಲ್ಲ ಇದರಿಂದಲೇ. ಅದಕ್ಕೇ ಊಟದ ತಟ್ಟೆಯ ಕಡೆ ನೋಡಬೇಕು.

ನಮ್ಮ ಮನೆಗಳ ತಟ್ಟೆ ಹೇಗಿರುತ್ತೆ? ಅನ್ನದ ಗುಡ್ಡ, ಮೇಲೆ ತಿಳಿಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ. ಇದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು ತರಕಾರಿ, ಕಾಲು ಭಾಗ ಹುರುಳಿ, ಹೆಸರುಕಾಳು, ಅಲಸಂದೆ ಅಥವಾ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಅನ್ನ, ಮುದ್ದೆ ಅಥವಾ ರೊಟ್ಟಿ. ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಪಿಷ್ಟ ಇದೆ. ಒಂದು ಸಣ್ಣ ಮುದ್ದೆಗೆ ಗಟ್ಟಿ ಬಸ್ಸಾರು, ಕಾಳುಪಲ್ಯ ಸಾಕು, ಮೂರು ಮುದ್ದೆ ಬೇಡ. ಬೆಲ್ಲವೂ ಸಕ್ಕರೆಯೇ (ಇದನ್ನು ಹೇಳಿದಾಗಲೆಲ್ಲ ಸಭೆಯಲ್ಲಿ ಮುಖ ಸಣ್ಣದಾಗುತ್ತೆ). ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಅಂದರೆ 8 ಚಮಚ ಸಕ್ಕರೆ ಆಯ್ತು! ಬೇಕರಿ ಬನ್ನಿನ ಬದಲು ಒಂದು ಹಿಡಿ ಕಡಲೆಕಾಯಿ ತಿನ್ನಲಿ.

ಡಬ್ಬಿ ಪೌಡರಿಗೆ ಸಾಲ ತೆಗೆಯಬೇಡಿ. ಈ ತೊಂದರೆಗೆಂದೇ ಮೇಲಾದ ಒಂದು ವಿಶೇಷ ಆಹಾರ ಯಾವುದೂ ಇಲ್ಲ ಎಂದು 2023ರ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿಯೇ ಹೇಳಿದೆ. ತೂಕ ಹೆಚ್ಚಿದ್ದವರಿಗೆ ಸ್ವಲ್ಪ ಇಳಿದರೂ ಉಪಯೋಗವಿದೆ. 70 ಕಿಲೋ ಇದ್ದವಳು ಮೂರೂವರೆ ಕಿಲೋ ಇಳಿಸಿದರೆ ಮುಟ್ಟು ಕ್ರಮಕ್ಕೆ ಬರಬಹುದು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಲಿ. ತೆಳ್ಳಗಿರುವವರಿಗೂ ಇದು ಬರುತ್ತೆ, ಅವರನ್ನು ಉಪವಾಸ ಕೆಡವಬೇಡಿ.

ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ. ಮದುವೆಯಾದವರು ಮೊದಲು ಗರ್ಭದ ಪರೀಕ್ಷೆ ಮಾಡಿಸಿ. ಸಕ್ಕರೆ, ಬಿ.ಪಿ.ಯನ್ನೂ ನೋಡಿಸಿ. ಕೊಟ್ಟ ಮಾತ್ರೆ ಅರ್ಧಕ್ಕೆ ಬಿಡಬೇಡಿ. ಮದುವೆ ಇದಕ್ಕೆ ಔಷಧಿಯಲ್ಲ. ಮಕ್ಕಳಾಗುವುದೇ ಇಲ್ಲ ಎನ್ನುವುದೂ ಸುಳ್ಳು, ಚಿಕಿತ್ಸೆ ಪಡೆದು ತಾಯಿಯಾದವರು ಬೇಕಾದಷ್ಟು ಮಂದಿ ಇದ್ದಾರೆ.

ಆ ಹುಡುಗಿ ಈಗ ರಾತ್ರಿ ಊಟ ಮಾಡುತ್ತಿದ್ದಾಳೆ. ಮುಟ್ಟು ಇನ್ನೂ ಪೂರ್ತಿ ಕ್ರಮಕ್ಕೆ ಬಂದಿಲ್ಲ, ಮಾತ್ರೆ ನಡೆದಿದೆ. ಮದುವೆ ಮಾತನ್ನು ಅಮ್ಮ ಸದ್ಯಕ್ಕೆ ಬಿಟ್ಟಿದ್ದಾರೆ.