ಹಳೆ ಲ್ಯಾಪ್‌ಟಾಪ್: ರಿಪೇರಿ ಮಾಡಿಸುವುದೋ, ಹೊಸತು ತೆಗೆಯುವುದೋ?



2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ನಮ್ಮಲ್ಲಿ ಕೆಲವರು ಕಷ್ಟಪಟ್ಟು ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೇವೆ. ಈಗ ಅವು ಹಳತಾಗಿವೆ. ಆನ್ ಮಾಡಿಟ್ಟು ಚಾ ಕುಡಿದು ಬಂದರೂ ತೆರೆಯುವುದಿಲ್ಲ. "ಅಮ್ಮಾ, ಹೊಸತು ಬೇಕು" ಎಂದು ಮಕ್ಕಳು ಹಟ ಹಿಡಿಯುತ್ತಾರೆ, ಸಂಘಕ್ಕೆ ಸಾಲದ ಅರ್ಜಿ ಬರುತ್ತದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಎಂದು ಹಿಡಿದರೂ 30,000 ರೂಪಾಯಿ ಸಾಲಕ್ಕೆ ಮೊದಲ ತಿಂಗಳ ಬಡ್ಡಿಯೇ 300 ರೂಪಾಯಿ. ಆದ್ದರಿಂದ ಅರ್ಜಿ ಬರೆಯುವ ಮೊದಲು ಯಂತ್ರಕ್ಕೆ ಏನಾಗಿದೆ ಎಂದು ತಿಳಿದುಕೊಳ್ಳುವ.

ನಿಧಾನ ಆಗುವುದು ಒಂದು ಕಾಯಿಲೆ, ಆನ್ ಆಗದೇ ಇರುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ.

ನಿಧಾನ ಆಗಿದ್ದರೆ ಹೆಚ್ಚಾಗಿ ತೊಂದರೆ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ಹಳೆಯ ಡಿಸ್ಕ್ ಒಳಗೆ ತಟ್ಟೆಯಂತೆ ತಿರುಗುತ್ತದೆ. ವರ್ಷ ಕಳೆದ ಹಾಗೆ ಸವೆಯುತ್ತದೆ. ಅದರ ಬದಲು ಎಸ್‌ಎಸ್‌ಡಿ ಎಂಬುದನ್ನು ಹಾಕಿಸಬಹುದು. ಇದರಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಇದೊಂದನ್ನು ಹಾಕಿದರೆ ಸಿಗುವಷ್ಟು ಪ್ರಯೋಜನ ಬೇರೆ ಯಾವ ಖರ್ಚಿನಲ್ಲೂ ಸಿಗಲಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ. ರ‍್ಯಾಮ್ 4 ಜಿಬಿ ಇದ್ದರೆ 8 ಜಿಬಿ ಮಾಡಿಸಬಹುದೋ ಎಂದೂ ಕೇಳಿ. ಕೆಲವು ತೆಳು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದಕ್ಕೆ ಸೇರಿಸಲು ಆಗುವುದಿಲ್ಲ.

ಆನ್ ಆಗದಿದ್ದರೆ ಮೊದಲು ಚಾರ್ಜರ್ ನೋಡಿ. ನಮ್ಮ ಊರಿನ ಸಿಡಿಲು ನಿಮಗೆ ಗೊತ್ತೇ ಇದೆ. ಎಷ್ಟೋ ಸಲ ಸುಟ್ಟಿರುವುದು ಚಾರ್ಜರ್ ಮಾತ್ರ. ಅದೇ ವೋಲ್ಟ್, ಅದೇ ಪಿನ್ನಿನ ಇನ್ನೊಂದನ್ನು ನೆರೆಮನೆಯಿಂದ ತಂದು ಹಾಕಿ ನೋಡಿದರೆ ತಿಳಿಯುತ್ತದೆ. ಬಿಸಿಯಾಗಿ ತನ್ನಷ್ಟಕ್ಕೆ ಆಫ್ ಆಗುವುದಾದರೆ ಫ್ಯಾನಿನಲ್ಲಿ ಧೂಳು ತುಂಬಿರಬಹುದು. ಶುಚಿ ಮಾಡಿಸಿದರೆ ಸಾಕಾಗುತ್ತದೆ. ಬ್ಯಾಟರಿ ಚಾರ್ಜ್ ನಿಲ್ಲದಿದ್ದರೆ ಅದನ್ನು ಬದಲಿಸಿದರಾಯಿತು. ಆದರೆ ಬ್ಯಾಟರಿ ಉಬ್ಬಿದ್ದರೆ ಅದೇ ಕ್ಷಣ ಬಳಸುವುದನ್ನು ನಿಲ್ಲಿಸಿ. ಚುಚ್ಚಬೇಡಿ, ಒತ್ತಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಮದರ್‌ಬೋರ್ಡ್ ಹೋಗಿದೆ ಎಂದು ಅಂಗಡಿಯವರು ಹೇಳಿದರೆ ಎರಡನೆಯವರ ಹತ್ತಿರವೂ ತೋರಿಸಿ. ಇಬ್ಬರೂ ಅದನ್ನೇ ಹೇಳಿದರೆ ಹಳತಕ್ಕೆ ಹಣ ಸುರಿಯದಿರುವುದು ಒಳ್ಳೆಯದು. ರಿಪೇರಿಯ ಒಟ್ಟು ಖರ್ಚು ಅದೇ ತರಹದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಬೆಲೆಯ ಅರ್ಧ ದಾಟಿದರೆ ಬೇಡ ಎಂದು ನಾವು ಲೆಕ್ಕ ಹಾಕುತ್ತೇವೆ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಯಂತ್ರ ನಿಲ್ಲುವುದಿಲ್ಲ. ಕಳ್ಳರು ನುಗ್ಗದಂತೆ ಮಾಡುವ ತಿದ್ದುಪಡಿಗಳು ಬಾರದಿದ್ದರೆ ಅದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಅಪಾಯ. ವಿಂಡೋಸ್ 11 ಹಾಕಲು ಇಂಟೆಲ್‌ನದ್ದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. ಸೆಕೆಂಡ್ ಹ್ಯಾಂಡ್ ತೆಗೆಯುವವರೂ ಇದನ್ನು ಕೇಳಿಯೇ ತೆಗೆಯಿರಿ, ಇಲ್ಲದಿದ್ದರೆ ಹಳೆ ತಲೆನೋವು ಹೊಸ ಮನೆಗೆ ಬಂದ ಹಾಗೆ. ನಿಮ್ಮದು ಅದಕ್ಕಿಂತ ಹಳತಾಗಿದ್ದರೆ ಲಿನಕ್ಸ್ ಹಾಕಿಸಬಹುದು, ಅದಕ್ಕೆ ಹಣ ಕೊಡಲಿಕ್ಕಿಲ್ಲ. ಮಂಡೆಕೋಲಿನಿಂದ ಗಡಿ ದಾಟಿದರೆ ಸಿಗುವ ಕಾಸರಗೋಡು ಜಿಲ್ಲೆಯ ಶಾಲಾ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಇದರಲ್ಲೇ. ಪತ್ರ ಬರೆಯಲು, ಸಂಘದ ಲೆಕ್ಕ ಇಡಲು, ಇಂಟರ್‌ನೆಟ್ ನೋಡಲು ಧಾರಾಳ ಸಾಕು. ನುಡಿಯ ಹಳೆ ಅಕ್ಷರಗಳಲ್ಲಿ ಟೈಪ್ ಮಾಡಿದ ಫೈಲುಗಳಿದ್ದರೆ ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ.

ಅಂಗಡಿಗೆ ಕೊಡುವ ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಕಾಪಿ ಮಾಡಿ. ಸಂಘದ ಲ್ಯಾಪ್‌ಟಾಪಿನಲ್ಲಿ ಸದಸ್ಯರ ಆಧಾರ್, ಪಾಸ್‌ಬುಕ್ಕಿನ ಪ್ರತಿಗಳು ಇರುತ್ತವಲ್ಲ! ಯಂತ್ರವನ್ನೇ ಮಾರುವುದಾದರೆ ಅಥವಾ ಗುಜರಿಗೆ ಕೊಡುವುದಾದರೆ ಹಳೆ ಡಿಸ್ಕನ್ನು ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ. ಅದು ಸರಿ ಇದ್ದರೆ ಒಂದು ಕೇಸ್ ಹಾಕಿಸಿ ಫೋಟೋ, ಲೆಕ್ಕಪತ್ರ ಇಡಲು ಬಳಸಬಹುದು. ಕೆಟ್ಟ ಬ್ಯಾಟರಿಯನ್ನು ಕಸದ ಜೊತೆ ಸುಡುವುದು, ತೋಟದ ಮೂಲೆಗೆ ಬಿಸಾಡುವುದು ಬೇಡ. ಹೊಸತು ಹಾಕಿಸುವಾಗ ಹಳತನ್ನು ತೆಗೆದುಕೊಳ್ಳುತ್ತೀರೋ ಎಂದು ಅಂಗಡಿಯಲ್ಲೇ ಕೇಳಿ.